ಈ ಪಾಠ ಮಾಡಿದವರು ಯಾರು?

ಸಿಂಧನೂರಿನ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ಸಿದ್ದಲಿಂಗೇಶ, ಹೇಳಿದ ಕೆಲಸವನ್ನು ಹೇಳಿದ ಹಾಗೆಯೇ ಮಾಡುವ ಮನುಷ್ಯ. ನೌಕರಿಯಲ್ಲಿದ್ದವನಿಗೆ ಇದಕ್ಕಿಂತ ದೊಡ್ಡ ರೋಗವಿಲ್ಲ. ಉಳಿದವರು ಕಾಗದದ ಮೇಲೊಂದು ಸಹಿ ಎಳೆದು ಚಹಾಕ್ಕೆ ಹೋದರೆ ಈತ ಕೂತು ಕಾಗದವನ್ನು ಪೂರ್ತಿ ಓದುತ್ತಿದ್ದ. ಓದಿದ ಮೇಲೆ ತೊಂದರೆ ತಾನಾಗಿ ಬರುತ್ತಿತ್ತು.

ಈ ಸಲ ಬಂದದ್ದು ಪ್ರಿನ್ಸಿಪಾಲ್ ಅಮರಗುಂಡಪ್ಪನವರ ಕೈಯಲ್ಲಿದ್ದ ಒಂದು ಆದೇಶದಿಂದ. ಪ್ರತಿ ವಿಭಾಗದವರೂ ತಮ್ಮ ವಿಷಯಕ್ಕೆ ಹೊಂದುವ ಒಂದು ಮುಕ್ತ ಶೈಕ್ಷಣಿಕ ಸಂಪನ್ಮೂಲವನ್ನು ಹುಡುಕಿ, ಮೌಲ್ಯಮಾಪನ ಮಾಡಿ ಕೊಡಬೇಕಂತೆ. ಹಾಗೆಂದರೇನು ಎಂದು ಯಾರೋ ಕೇಳಿದರು. ಇಂಟರ್ನೆಟ್ಟಿನಲ್ಲಿ ಪುಣ್ಯಾತ್ಮರು ಪಾಠ, ಪುಸ್ತಕ, ವಿಡಿಯೊ ಮಾಡಿ ಊರಿಗೆಲ್ಲ ಬಿಟ್ಟುಕೊಟ್ಟಿರುತ್ತಾರೆ, ಯಾರು ಬೇಕಾದರೂ ಬಳಸಬಹುದು, ಹಂಚಬಹುದು, ಬೇಕಾದರೆ ತಿದ್ದಲೂಬಹುದು, ಮಾಡಿದವರ ಹೆಸರನ್ನು ಮಾತ್ರ ಹೇಳಬೇಕು ಎಂದು ಪ್ರಿನ್ಸಿಪಾಲರು ತಿಳಿಸಿ ಹೇಳಿದರು.

ಚಹಾ ಆರುವುದರೊಳಗೆ ಉಳಿದವರ ಕೆಲಸ ಮುಗಿದಿತ್ತು. ವಾಣಿಜ್ಯ ವಿಭಾಗದ ಆನಂದಕುಮಾರನಂತೂ ಮೊದಲು ಕಣ್ಣಿಗೆ ಬಿದ್ದ ಮೂರು ತಾಸಿನ ಇಂಗ್ಲಿಷ್ ಉಪನ್ಯಾಸವೊಂದಕ್ಕೆ, ತೆರೆದೂ ನೋಡದೆ, ನೂರಕ್ಕೆ ನೂರು ಕೊಟ್ಟು ಕೈತೊಳೆದುಕೊಂಡ. ಸಿದ್ದಲಿಂಗೇಶ ಮಾತ್ರ ಸಿಕ್ಕಿದ್ದನ್ನೆಲ್ಲ ಕೊನೆಯವರೆಗೆ ನೋಡಿದ. ಒಂದು ಪಾಠದಲ್ಲಿ ಹಿಮ ಗೋರುವ ಸಲಿಕೆಯ ಬೆಲೆ ಏರಿತ್ತು. ಸಂಕ್ರಾಂತಿಯಲ್ಲೂ ಫ್ಯಾನ್ ಹಾಕಿಕೊಂಡು ಮಲಗುವ ಸಿಂಧನೂರಿನ ಹುಡುಗರಿಗೆ ಆ ಸಲಿಕೆಯಿಂದ ಏನೂ ಆಗಬೇಕಾಗಿರಲಿಲ್ಲ. ಇನ್ನೊಂದರಲ್ಲಿ ಪಾಠ ಹೇಳುವವರ ದನಿ ರೈಲ್ವೆ ಸ್ಟೇಷನ್ನಿನ ಸೂಚನೆಯ ಹಾಗಿತ್ತು. ಯಾವ ಪ್ಲಾಟ್‌ಫಾರ್ಮಿಗೆ ಓಡಬೇಕೋ ತಿಳಿಯುತ್ತಿರಲಿಲ್ಲ. ಮತ್ತೊಂದರಲ್ಲಿ ಎಲ್ಲವೂ ಸರಿಯಿತ್ತು, ಆದರೆ ಪಾಠ ಹೇಳುವವನೇ ನಡುವೆ ಆಕಳಿಸುತ್ತಿದ್ದ.

ಹೀಗೆ ನೋಡುತ್ತ ನೋಡುತ್ತ ಅವನಿಗೆ ಆ ಪಾಠ ಸಿಕ್ಕಿತು. ಬೇಡಿಕೆಯ ಸ್ಥಿತಿಸ್ಥಾಪಕತ್ವ. ಪರೀಕ್ಷೆಯಲ್ಲಿ ಅವನ ಹುಡುಗರು ಪ್ರತಿ ಸಲ ಬೀಳುತ್ತಿದ್ದುದು ಇಲ್ಲೇ. ಆ ಪದವೇ ಕಾಲುವೆಯ ಕಬ್ಬಿಣದ ಗೇಟಿನಂತೆ ಅಡ್ಡ ನಿಂತು, ಅದರಾಚೆಗಿನ ಒಂದು ಹನಿ ಅರ್ಥವೂ ಈಚೆ ಬರುತ್ತಿರಲಿಲ್ಲ. ಈ ವಿಡಿಯೊದಲ್ಲಿ ಮುಖವಿಲ್ಲ; ಒಂದು ಪಾಟಿ, ಬಳಪ ಹಿಡಿದ ಒಂದು ಕೈ, ಒಂದು ಹೆಣ್ಣು ದನಿ. “ಉಪ್ಪಿನ ರೇಟು ಏರಿತಂತ ಸಾರಿಗಿ ಉಪ್ಪು ಹಾಕೋದು ಬಿಡ್ತೀರೇನ್ರಿ? ಬಿಡಂಗಿಲ್ಲ. ನಮ್ಮ ಮಸ್ಕಿ ಬಸ್‌ಸ್ಟ್ಯಾಂಡಿನ ಹಿಂದ ಮಿರ್ಚಿ ರೇಟು ಏರಿದ್ರ? ಬಾಜೂ ಬಂಡಿಗಿ ಹೋಗಿ ಅಲಸಂದಿ ವಡಾ ತಿಂತೀರಿ. ಇಷ್ಟೇ ನೋಡ್ರಿ ವಿಷಯ,” ಎನ್ನುತ್ತಿತ್ತು ಆ ದನಿ. ತರಗತಿಯಲ್ಲಿ ಮೊಬೈಲಿನಲ್ಲಿ ಹಚ್ಚಿ ತೋರಿಸಿದಾಗ ಹಿಂದಿನ ಬೆಂಚಿನವರು ನಕ್ಕರು. ವರ್ಷವಿಡೀ ಬಾಯಿ ಬಿಡದ ಒಬ್ಬ ಹುಡುಗಿ ಎದ್ದು ನಿಂತು, ಸೀಮೆಎಣ್ಣೆಗೂ ಸಿನಿಮಾಕ್ಕೂ ಇರುವ ವ್ಯತ್ಯಾಸವನ್ನು ತಾನೇ ಹೇಳಿ ಕೂತಳು. ಸಿದ್ದಲಿಂಗೇಶನಿಗೆ ಕಣ್ಣು ತೇವವಾಯಿತು.

ಅದೇ ಆವೇಶದಲ್ಲಿ ಮೌಲ್ಯಮಾಪನ ಬರೆದ. ವಿಷಯ ಸರಿ, ಭಾಷೆ ಸರಿ, ಪಠ್ಯಕ್ರಮಕ್ಕೆ ಸರಿ, ಬಳಸಲು ಅನುಮತಿ ಇದೆ. ನೂರಕ್ಕೆ ತೊಂಬತ್ತೆಂಟು. ಕೊನೆಯಲ್ಲಿ ಷರಾ: “ಇದನ್ನು ಮಾಡಿದವರು ಹುಟ್ಟು ಶಿಕ್ಷಕರು. ಇಂಥವರು ತಲೆಮಾರಿಗೊಬ್ಬರು. ನಮ್ಮ ಕಾಲೇಜಿನ ಉಪನ್ಯಾಸಕರೆಲ್ಲ ಇವರ ಮುಂದೆ ಕೈಕಟ್ಟಿ ಕೂತು ಕಲಿಯುವುದು ಒಳಿತು.”

ಮರುದಿನ ಬೆಳಿಗ್ಗೆ ಅಮರಗುಂಡಪ್ಪನವರು ಅದನ್ನು ಓದಿ, ಕನ್ನಡಕ ತೆಗೆದಿಟ್ಟು, ಮಾಡಿದವರ ಹೆಸರೆಲ್ಲಿ ಎಂದು ಕೇಳಿದರು. ಹೆಸರು ಇರಲಿಲ್ಲ. ಆ ಪುಟದಲ್ಲಿ ‘ಕಲಿಯೋಣ ಬರ್ರಿ’ ಎಂದಷ್ಟೇ ಇತ್ತು. ಸಿದ್ದಲಿಂಗೇಶ ಅಲ್ಲಿಗೆ ಸಂದೇಶ ಕಳಿಸಿದ್ದಕ್ಕೆ ಉತ್ತರ ಬಂದಿರಲಿಲ್ಲ.

“ಹೆಸರಿಲ್ಲದ್ದನ್ನ ಹ್ಯಾಂಗ ಕಳಸಲಿ, ಸಿದ್ದಲಿಂಗೇಶ ಸರ್?” ಎಂದರು ಪ್ರಿನ್ಸಿಪಾಲರು. “ಇವತ್ತು ಐದು ಗಂಟೇದೊಳಗ ಹೆಸರು ಹಾಕಿ ಕೊಡ್ರಿ. ಇಲ್ಲಾಂದ್ರ ಆನಂದಕುಮಾರ ಅವರದ್ದನ್ನ ನಿಮ್ಮ ವಿಭಾಗಕ್ಕೂ ಬರದು ಕಳಿಸಿಬಿಡೋಣು.”

ಮೂರು ತಾಸಿನ ಆ ಇಂಗ್ಲಿಷ್ ಉಪನ್ಯಾಸದ ಕೆಳಗೆ ತನ್ನ ಹುಡುಗರು ಭತ್ತದ ಚೀಲದಂತೆ ಸಾಲಾಗಿ ಮಲಗಿರುವುದು ಸಿದ್ದಲಿಂಗೇಶನ ಕಣ್ಣ ಮುಂದೆ ಬಂತು. ರಜೆ ಚೀಟಿ ಬರೆದಿಟ್ಟು ಮಸ್ಕಿಯ ಬಸ್ಸು ಹತ್ತಿದ. ಅವನಿಗೆ ಸಹಾಯವಾಗಲಿ ಎಂದು ಆನಂದಕುಮಾರ ಮಸ್ಕಿಯ ಗೆಳೆಯನೊಬ್ಬನಿಗೆ ಫೋನು ಹಚ್ಚಿ, ಸಿಂಧನೂರಿನಿಂದ ಒಬ್ಬರು ಬರುತ್ತಿದ್ದಾರೆ, ವಿಡಿಯೊ ಯಾರು ಮಾಡಿದ್ದು ಎಂದು ಕೇಳುತ್ತಾರೆ, ವರದಿಯಲ್ಲಿ ಹೆಸರು ಬರೆಯಬೇಕಂತೆ ಎಂದು ಹೇಳಿದ. ಇಷ್ಟೇ ಮಾತು. ಆದರೆ ಬಸ್ಸಿಗಿಂತ ಫೋನು ಮುಂದೆ ಓಡುತ್ತದೆ, ಓಡುವಾಗ ಮಾತು ಮೈತುಂಬಿಕೊಳ್ಳುತ್ತದೆ.

ಮಸ್ಕಿಯ ಕಾಲೇಜಿನಲ್ಲಿ ಸ್ಟಾಫ್ ರೂಮಿನವರು ಅವನನ್ನು ಕಂಡು ಒಟ್ಟಿಗೆ ಎದ್ದು ನಿಂತರು. ಅವನು ಪಾಠದ ಮಾತೆತ್ತುವ ಮೊದಲೇ, ಅಂಥಾದ್ದು ಇಲ್ಲಿ ಯಾರೂ ಮಾಡುವುದಿಲ್ಲ ಎಂದರು. ಒಬ್ಬರು ತಮ್ಮ ಮೊಬೈಲನ್ನು ಜೇಬಿನಿಂದ ತೆಗೆದು ತೋರಿಸಿದರು. ಅದು ಗುಂಡಿಯದು, ವಿಡಿಯೊ ಬರುವುದೇ ಇಲ್ಲವಂತೆ. ಆಮೇಲೆ ತಿಳಿಯಿತು: ಅನುಮತಿಯಿಲ್ಲದೆ ಯಾವ ಉಪನ್ಯಾಸಕರೂ ಚಾನೆಲ್ ನಡೆಸಬಾರದೆಂದು ಸುತ್ತೋಲೆ ಬಂದು, ಯಾರಿಗೋ ನೋಟಿಸೂ ಆಗಿತ್ತಂತೆ. ತಾನು ಹುಡುಕುತ್ತಿರುವುದು ಶಿಕ್ಷೆಗಲ್ಲ, ಹೊಗಳಲಿಕ್ಕೆ ಎಂದು ಸಿದ್ದಲಿಂಗೇಶ ಹೇಳಿದ. ಅವರು ಇನ್ನಷ್ಟು ಹೆದರಿದರು. ಹೊಗಳಲಿಕ್ಕೆಂದು ಯಾರಾದರೂ ರಜೆ ಹಾಕಿ ಬಂದದ್ದನ್ನು ಅವರು ನೌಕರಿ ಸೇರಿದಾಗಿನಿಂದ ಕಂಡಿರಲಿಲ್ಲ.

ಸೋತು ಬಸ್‌ಸ್ಟ್ಯಾಂಡಿನ ಹಿಂದಕ್ಕೆ ಬಂದ. ಅಲ್ಲಿ ಮಿರ್ಚಿ ಭಜಿ ಅಂಗಡಿಯ ಮಸ್ತಾನಸಾಬ ಬಾಣಲೆಯ ಮುಂದೆ ನಿಂತಿದ್ದ. ಎಣ್ಣೆ ಸಿಡಿದರೂ ಕಲೆ ಕಾಣಬಾರದೆಂದು ಸದಾ ಖಾಕಿ ಅಂಗಿ ತೊಡುವ, ಬಾಗಿಲಿಗಿಂತ ಒಂದು ಗೇಣು ಎತ್ತರದ ಮನುಷ್ಯ. ದನಿಯ ಗುರುತು ಹತ್ತೀತೇ ನೋಡೋಣವೆಂದು ಸಿದ್ದಲಿಂಗೇಶ ಅವನಿಗೆ ಪಾಠ ಕೇಳಿಸಿದ. ಮಸ್ತಾನಸಾಬ ಮಿರ್ಚಿ ಎತ್ತುವ ಝಾರಾ ಕೆಳಗಿಟ್ಟ.

“ನನ್ನ ಮಿರ್ಚಿ ರೇಟು ಏರಿದ್ರ ಗಿರಾಕಿ ವಡಾದ ಬಂಡಿಗಿ ಹೊಕ್ಕಾರಂತೇನ್ರಿ? ಹೋದ ವರ್ಷ ಏರಿಸೀನಿ. ಒಬ್ಬಾವ ಹೋಗಿಲ್ಲ. ಪಾಠ ತಪ್ಪೈತಿ.”

ಸಿದ್ದಲಿಂಗೇಶನೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ. ಹಾಗಿದ್ದರೆ ನಿನ್ನ ಮಿರ್ಚಿಯ ಬೇಡಿಕೆ ಉಪ್ಪಿನ ಬೇಡಿಕೆಯಂತೆ ಎಂದು ವಿವರಿಸಿದ. ಇಂಥ ಮುಕ್ತ ಪಾಠದಲ್ಲಿ ತಪ್ಪಿದ್ದರೆ ಯಾರು ಬೇಕಾದರೂ ತಿದ್ದಬಹುದು ಎಂಬುದನ್ನೂ ಬಾಯಿತಪ್ಪಿ ಹೇಳಿದ. ಮಸ್ತಾನಸಾಬ ಒಲೆ ಆರಿಸಿದ. ತಿದ್ದಿಸಲು ತಾನೂ ಬರುತ್ತೇನೆಂದ. ದನಿಯ ಗುರುತು ಅವನಿಗೆ ಹತ್ತಿತ್ತು. ದಿನಾ ಸಂಜೆ ಕಾಲೇಜು ಬಿಟ್ಟ ಮೇಲೆ ಬಂದು ಮಿರ್ಚಿ ತಿನ್ನುತ್ತ, ಗಿರಾಕಿಗಳನ್ನು ಮಾತಾಡಿಸುತ್ತಿದ್ದ ಶಿವರಂಜನಿ ಮೇಡಂ ಅದು. ಈಗ ವರ್ಗವಾಗಿ ಲಿಂಗಸುಗೂರಿನ ಕಾಲೇಜಿನಲ್ಲಿದ್ದಾಳೆ.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಚೀಲ ಹಿಡಿದ ಒಬ್ಬ, ಪಕ್ಕದಲ್ಲಿ ಖಾಕಿ ತೊಟ್ಟ ಇನ್ನೊಬ್ಬ. ಈ ದೃಶ್ಯವನ್ನು ಮಸ್ಕಿಯಿಂದ ಯಾರೋ ಲಿಂಗಸುಗೂರಿಗೆ ತಿಳಿಸಿದರು.

ಲಿಂಗಸುಗೂರಿನ ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ಸೆಲ್ಯೂಟ್ ಹೊಡೆದ. ಒಳಗೆ ಎಲ್ಲ ಕೋಣೆಗಳಲ್ಲೂ ಪಾಠ ನಡೆಯುತ್ತಿತ್ತು, ಅದೂ ಹೊರಗೆ ಕೇಳುವಷ್ಟು ದೊಡ್ಡ ದನಿಯಲ್ಲಿ. ಒಂದು ಕೋಣೆಯಲ್ಲಿ ಹುಡುಗರಿರಲಿಲ್ಲ. ಮೇಷ್ಟ್ರು ಮಾತ್ರ ನಿಂತು ಬೋರ್ಡಿಗೆ ಪಾಠ ಹೇಳುತ್ತಿದ್ದರು. ಪ್ರಭಾರಿ ಪ್ರಿನ್ಸಿಪಾಲ್ ವೀರಭದ್ರಮ್ಮನವರು ಎದ್ದು ತಮ್ಮ ಕುರ್ಚಿಯಲ್ಲೇ ಸಿದ್ದಲಿಂಗೇಶನನ್ನು ಕೂಡಿಸಿ, ಹೆಸರುಬೇಳೆ ಉಂಡಿ ತರಿಸಿದರು. ತಾನು ಯಾವ ಅಧಿಕಾರಿಯೂ ಅಲ್ಲ, ಬರೀ ಅರ್ಥಶಾಸ್ತ್ರದ ಉಪನ್ಯಾಸಕ ಎಂದು ಅವನು ಮೂರು ಸಲ ಹೇಳಿದ. ವೀರಭದ್ರಮ್ಮನವರು ಮೂರು ಸಲವೂ ನಕ್ಕು, ದೊಡ್ಡ ಅಧಿಕಾರಿಗಳೆಲ್ಲ ಹೀಗೇ ಅನ್ನುತ್ತಾರೆ ಎಂದರು. ಮಸ್ತಾನಸಾಬನ ಕಡೆ ಮಾತ್ರ ಅವರು ನೋಡಲೇ ಇಲ್ಲ. ಅವನಿಗೂ ಉಂಡಿ ಕೊಡಬೇಕೋ ಬೇಡವೋ ಎಂಬುದು ಅವನ ಹುದ್ದೆ ಗೊತ್ತಾಗದೆ ನಿರ್ಧಾರವಾಗುವಂತಿರಲಿಲ್ಲ.

ಶಿವರಂಜನಿಯನ್ನು ಕರೆಸಿದರು. ತೆಳ್ಳಗಿನ ಹೆಣ್ಣುಮಗಳು, ಕೈಬೆರಳಿಗೆ ಸೀಮೆಸುಣ್ಣ. ಕೊರಳಿಗೆ ದುಪ್ಪಟ್ಟಾ ಬಿಗಿಯಾಗಿ ಸುತ್ತಿಕೊಂಡು ಬಂದು, ಗಂಟಲು ಕೆಟ್ಟಿದೆ ಎಂದು ಕೈಸನ್ನೆಯಲ್ಲೇ ತೋರಿಸಿದಳು. ಮಸ್ತಾನಸಾಬ ಆರಾಮಿದ್ದೀರಾ ಎಂದು ಕೇಳಿದ್ದಕ್ಕೆ, ಇವರು ಯಾರೋ ತನಗೆ ಗೊತ್ತಿಲ್ಲ ಎಂಬಂತೆ ತಲೆಯಾಡಿಸಿದಳು. ಅಷ್ಟು ದಿನ ತನ್ನ ಕೈಯ ಮಿರ್ಚಿ ತಿಂದವಳು ಗುರುತೇ ಇಲ್ಲವೆಂದದ್ದಕ್ಕೆ ಅವನ ಮುಖ ಆರಿದ ಬಾಣಲೆಯಂತಾಯಿತು. ತಿದ್ದುವ ಮಾತನ್ನು ಅಲ್ಲಿಗೇ ಬಿಟ್ಟು ಹೊರಗೆ ಹೋಗಿ ನಿಂತ.

ಸಿದ್ದಲಿಂಗೇಶ ಮೊಬೈಲಿನಲ್ಲಿ ಪಾಠ ಹಚ್ಚಿದ. ಕೋಣೆಯ ತುಂಬ ಆ ದನಿ ಗಿಣಿಯಂತೆ ಮಾತಾಡಿತು. ಶಿವರಂಜನಿ ನೆಲ ನೋಡುತ್ತಿದ್ದಳು. ವೀರಭದ್ರಮ್ಮನವರು ಶಿವರಂಜನಿಯನ್ನು ನೋಡುತ್ತಿದ್ದರು.

“ಇದು ನಿಮ್ಮದೇನ್ರಿ ಮೇಡಂ?” ಎಂದು ಅವನು ಕೇಳಿದ.

“ಅಲ್ರೀ,” ಎಂದಳು ಅವಳು, ಸೀಳು ಬಿಟ್ಟ ಕೊಳಲಿನಂಥ ದನಿಯಲ್ಲಿ, ಮತ್ತು ಕೆಮ್ಮಿದಳು.

ಇನ್ನು ಏನು ಮಾಡುವುದು? ಯಾರದಾದರೂ ಇರಲಿ, ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆಂದು ಅವನು ತನ್ನ ಹುಡುಗರ ಕತೆ ಹೇಳಿದ. ವರ್ಷವಿಡೀ ಬಾಯಿ ಬಿಡದ ಹುಡುಗಿ ಎದ್ದು ನಿಂತದ್ದನ್ನು ಹೇಳಿದ. ಐದು ಗಂಟೆಯೊಳಗೆ ಅದರ ಮೇಲೊಂದು ಹೆಸರು ಬಾರದಿದ್ದರೆ ಆ ಪಾಠ ಕಾಲೇಜಿಗೆ ಇಲ್ಲ, ಅದರ ಜಾಗದಲ್ಲಿ ಮೂರು ತಾಸಿನ ಇಂಗ್ಲಿಷ್ ಬರುತ್ತದೆ ಎಂದ. ಶಿವರಂಜನಿ ಆಗ ಒಂದು ಸಲ ತಲೆಯೆತ್ತಿದಳು.

“ಹೆಸರು ಇರಲೇಬೇಕೇನ್ರಿ ಸರ್?” ಎಂದು ಪಿಸುಗುಟ್ಟಿದಳು.

“ಇರಲೇಬೇಕು. ಯಾರದು ಅಂತ ಒಂದು ಹೆಸರು ಕಾಣಬೇಕು, ಅಷ್ಟ.”

ಯಾರೆಂದು ಗೊತ್ತಾದರೆ ತಿಳಿಸಿರೆಂದು ಒಂದು ಚೀಟಿಯಲ್ಲಿ ತನ್ನ ಹೆಸರು, ಪದವಿ, ಹುದ್ದೆ, ಊರು, ಫೋನ್ ನಂಬರು ಬರೆದು ಅವಳ ಕೈಗೆ ಕೊಟ್ಟ. ಅವಳು ಅದನ್ನು ಎರಡು ಸಲ ಓದಿ ಮಡಚಿಟ್ಟುಕೊಂಡಳು. ವೀರಭದ್ರಮ್ಮನವರು ಗೇಟಿನವರೆಗೆ ಬಂದು ಕಳಿಸಿಕೊಟ್ಟು, ತಮ್ಮ ಕಾಲೇಜಿನಲ್ಲಿ ಯಾರೂ ಏನೂ ಮಾಡಿಲ್ಲ, ಮಾಡುವುದೂ ಇಲ್ಲ ಎಂದು ಖಾತ್ರಿ ಕೊಟ್ಟರು.

ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ಮಸ್ತಾನಸಾಬ ಅಲ್ಲಿಯ ಮಿರ್ಚಿ ಒಂದನ್ನು ಕಚ್ಚಿ ನೋಡಿದ. ಅದು ಒಳಗೆ ಹಸಿ ಇತ್ತು. ಅವನ ದುಃಖ ಅಲ್ಲಿಗೆ ಮುಗಿದು, ಮಸ್ಕಿಯಲ್ಲಿ ಇಳಿಯುವವರೆಗೂ ಹಾಡು ಗುನುಗುತ್ತ ಬಂದ.

ಸಿದ್ದಲಿಂಗೇಶನಿಗೆ ಹಾಡು ಬರಲಿಲ್ಲ. ಮಸ್ಕಿ ದಾಟಿದ ಮೇಲೆ ಭತ್ತ ಹೇರಿದ ಟ್ರ್ಯಾಕ್ಟರೊಂದು ಕಾಲುವೆಯ ಸೇತುವೆಯ ಮೇಲೆ ಕೆಟ್ಟು ನಿಂತಿತ್ತು. ಅದನ್ನು ಸರಿಸುವ ಬಗೆಯನ್ನು ಎರಡೂ ದಿಕ್ಕಿನ ಬಸ್ಸಿನವರು ಇಳಿದು ಚರ್ಚಿಸಿದರು, ಸರಿಸಲು ಮಾತ್ರ ಯಾರೂ ಮುಂದಾಗಲಿಲ್ಲ. ಅವನೇ ಹೋಗಿ ಹೆಗಲು ಕೊಟ್ಟ. ಕಾಲೇಜು ಮುಟ್ಟಿದಾಗ ಅಂಗಿಯ ತುಂಬ ಭತ್ತದ ಹೊಟ್ಟು, ಗಡಿಯಾರದಲ್ಲಿ ಐದಕ್ಕೆ ಸ್ವಲ್ಪವೇ ಕಡಿಮೆ.

ಸಭೆ ನಡೆಯುತ್ತಿತ್ತು. ಗೋಡೆಯ ಪರದೆಯ ಮೇಲೆ ಒಂದೊಂದೇ ವಿಭಾಗದ ಪಾಠ ತೆರೆದು ನೋಡಿ ಪಟ್ಟಿಗೆ ಸೇರಿಸುತ್ತಿದ್ದರು. ಅವನು ಬಾಗಿಲಲ್ಲಿ ನಿಂತು, ಹೆಸರು ಸಿಗಲಿಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅಮರಗುಂಡಪ್ಪನವರು ಅವನ ಷರಾವನ್ನು ಗಟ್ಟಿಯಾಗಿ ಓದತೊಡಗಿದ್ದರು. ಹುಟ್ಟು ಶಿಕ್ಷಕರು. ತಲೆಮಾರಿಗೊಬ್ಬರು. ಉಪನ್ಯಾಸಕರೆಲ್ಲ ಕೈಕಟ್ಟಿ ಕೂತು ಕಲಿಯುವುದು ಒಳಿತು. ಸಭೆಯಲ್ಲಿದ್ದವರ ಮುಖಗಳು ಸಣ್ಣಗಾದವು. ಇಂಥ ಮಹಾನುಭಾವರು ಯಾರಿರಬಹುದು ನೋಡೋಣವೆಂದು ಪ್ರಿನ್ಸಿಪಾಲರು ಆ ಪುಟವನ್ನು ತೆರೆದರು.

ಬೆಳಿಗ್ಗೆ ಖಾಲಿ ಇದ್ದ ಜಾಗದಲ್ಲಿ ಈಗ ದಪ್ಪ ಅಕ್ಷರಗಳಿದ್ದವು. ‘ರಚನೆ: ಸಿದ್ದಲಿಂಗೇಶ, ಎಂ.ಎ., ಅರ್ಥಶಾಸ್ತ್ರ ಉಪನ್ಯಾಸಕರು, ಸಿಂಧನೂರು.’

ಎಲ್ಲರೂ ಪರದೆಯಿಂದ ಬಾಗಿಲ ಕಡೆ ತಿರುಗಿದರು. ಆಮೇಲೆ ಆನಂದಕುಮಾರ ಮೆಲ್ಲಗೆ ಎರಡೂ ಕೈ ಕಟ್ಟಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತ. ಅವನನ್ನು ನೋಡಿ ಪಕ್ಕದವರು ಕಟ್ಟಿದರು. ಒಬ್ಬೊಬ್ಬರಾಗಿ ಇಡೀ ಸಭೆ ಕೈಕಟ್ಟಿ ಕೂತು ಸಿದ್ದಲಿಂಗೇಶನ ಮುಖ ನೋಡತೊಡಗಿತು.

“ಕಲಸ್ರಿ ಸರ್. ನಾವು ತಯಾರ ಅದೀವಿ,” ಎಂದ ಆನಂದಕುಮಾರ.

ಅದು ತನ್ನದಲ್ಲ ಎಂದು ಸಿದ್ದಲಿಂಗೇಶ ಹೇಳಿದ. ಹಾಗಾದರೆ ಯಾರದೆಂದು ಪ್ರಿನ್ಸಿಪಾಲರು ಕೇಳಿದರು. ತಾನು ಚೀಟಿಯಲ್ಲಿ ಬರೆದುಕೊಟ್ಟ ಹಾಗೇ, ಎಂ.ಎ. ಸಮೇತ, ಪರದೆಯ ಮೇಲಿದ್ದ ಹೆಸರು ಅವನಿಗೆ ಎಲ್ಲವನ್ನೂ ತಿಳಿಸಿತ್ತು. ನಾಲಿಗೆಯ ತುದಿಗೆ ಶಿವರಂಜನಿಯ ಹೆಸರು ಬಂತು. ಅದರ ಹಿಂದೆಯೇ ವೀರಭದ್ರಮ್ಮನವರ ನೋಟವೂ, ಮಸ್ಕಿಯಲ್ಲಿ ಕೇಳಿದ ನೋಟಿಸಿನ ಮಾತೂ ಬಂದವು. ಬಾಯಿ ಮುಚ್ಚಿಕೊಂಡ.

“ದನಿ ಹೆಣ್ಮಕ್ಕಳದು ಐತಲ್ರೀ,” ಎಂದರು ಪ್ರಿನ್ಸಿಪಾಲರು, ಸ್ವಲ್ಪ ಕೇಳಿಸಿಕೊಂಡು. “ಮನಿಯವರದೇನು?”

ಸಿದ್ದಲಿಂಗೇಶ ಸುಮ್ಮನೆ ನಿಂತ. ಅಷ್ಟು ಸಾಕಾಯಿತು. ತಾನೇ ಪಾಠ ಮಾಡಿ, ಹೆಂಡತಿಯಿಂದ ಹೇಳಿಸಿ, ತಾನೇ ತೊಂಬತ್ತೆಂಟು ಅಂಕ ಕೊಟ್ಟುಕೊಂಡದ್ದು ನಿಯಮದಲ್ಲಿ ಕೂಡುವುದಿಲ್ಲವೆಂದು ತೀರ್ಮಾನವಾಯಿತು. ಅರ್ಥಶಾಸ್ತ್ರಕ್ಕೂ ಮೂರು ತಾಸಿನ ಇಂಗ್ಲಿಷೇ ಗಟ್ಟಿಯಾಯಿತು. ಆದರೂ ಅಮರಗುಂಡಪ್ಪನವರು ಗುಣಗ್ರಾಹಿ. ಇಷ್ಟು ಚೊಲೊ ಮಾಡುತ್ತೀರಿ ಅಂದಮೇಲೆ ಬರುವ ಸೋಮವಾರದಿಂದ ವಾರಕ್ಕೊಂದು ಪಾಠ ಮಾಡಿಕೊಡಿ, ದನಿ ಮಾತ್ರ ಮನೆಯವರದೇ ಇರಲಿ ಎಂದು ಆದೇಶಿಸಿದರು.

ಅವನು ಹೊರಗೆ ಬಂದು ಲಿಂಗಸುಗೂರಿನ ಕಾಲೇಜಿಗೆ ಫೋನು ಹಚ್ಚಲು ಯೋಚಿಸುತ್ತಿರುವಾಗ ಗೊತ್ತಿಲ್ಲದ ನಂಬರಿನಿಂದ ಅವನಿಗೇ ಕರೆ ಬಂತು. ಗಂಟಲು ವಾಸಿಯಾಗಿತ್ತು. ಕೇಳಿದೊಡನೆ ಗುರುತು ಹತ್ತುವ, ಗಿಣಿಯಂಥ ದನಿ.

“ಸರ್, ಟೈಮಿಗಿ ಸರಿಯಾಗಿ ಹಾಕೀನಿ ನೋಡ್ರಿ. ನಂದು ಹಾಕಿದ್ರ ನೋಟಿಸು ಬರ್ತದ. ನಿಮಗ ಅಷ್ಟು ಸೇರಿತ್ತಲ್ಲ, ನಿಮ್ಮ ಹೆಸರ ಇರಲಿ ಅಂತ ಹಾಕಿದೆ. ನಿಮ್ಮ ಹುಡುಗರಿಗಿ ಸಿಕ್ರ ನನಗ ಸಾಕು. ಯಾರ ಮುಂದೂ ನನ್ನ ಹೆಸರು ಹೇಳಬ್ಯಾಡ್ರಿ, ಆಣಿ ಐತಿ.”

ದನಿಯಲ್ಲಿನ ಸಂತೋಷ ಕೇಳಿ ಅವನಿಗೆ ನಡೆದದ್ದನ್ನು ಹೇಳಲಾಗಲಿಲ್ಲ. ಹೇಳುವುದಿಲ್ಲವೆಂದು ಮಾತು ಕೊಟ್ಟು, ಉಪಕಾರವಾಯಿತೆಂದೂ ಅಂದು, ಮನೆಯ ಕಡೆ ನಡೆದ. ಒಂದು ಸಮಾಧಾನವಿತ್ತು. ಮನೆಯಲ್ಲಿ ಹೆಂಡತಿ ರಾಜಶ್ರೀಗೆ ಇದೊಂದೂ ಗೊತ್ತಿಲ್ಲ. ಒಂದು ಲೋಟ ನೀರು ಕುಡಿದು ಗೋಡೆಗೆ ಮುಖ ಮಾಡಿ ಮಲಗಿದರಾಯಿತು.

ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಒಳಗೆ ಓಣಿಯ ಹೆಣ್ಣುಮಕ್ಕಳೆಲ್ಲ ಚಾಪೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನಡುವೆ ರಾಜಶ್ರೀ, ಮದುವೆಯ ಮನೆಗೆ ಹೋಗುವಾಗ ಉಡುವ ಇಳಕಲ್ ಸೀರೆಯಲ್ಲಿ. ಪ್ರಿನ್ಸಿಪಾಲರು ಫೋನು ಮಾಡಿದ್ದರಂತೆ. ನಿಮ್ಮ ದನಿ ಭಾಳ ಚೊಲೊ ಐತಿ, ವಿಷಯ ತಿಳಿಸಿ ಹೇಳುವ ರೀತಿ ಇನ್ನೂ ಚೊಲೊ ಐತಿ ಎಂದರಂತೆ. ತನ್ನ ದನಿ ಎಲ್ಲಿಂದ ಹೋಯಿತೆಂದು ಮೊದಲು ಅವಳಿಗೆ ತಿಳಿದಿರಲಿಲ್ಲ. ಯೋಚಿಸಿದ ಮೇಲೆ ತಿಳಿಯಿತು.

“ಕಾಯಿಪಲ್ಲೆ ಯಂಕಮ್ಮನ ಕೂಡ ನಾ ಚೌಕಾಸಿ ಮಾಡುವಾಗ ಗಪ್‌ಚುಪ್ಪ ರೆಕಾರ್ಡ್ ಮಾಡಿಕೊಂಡೀರಿ, ಹೌದಲ್ರೀ?” ಎಂದಳು ರಾಜಶ್ರೀ. ಮುಖದಲ್ಲಿ ಸಿಟ್ಟು ತೋರಿಸಲು ನೋಡಿದರೂ ನಗು ತುಳುಕುತ್ತಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಗಂಡ ತನ್ನ ಮಾತನ್ನು ಕಿವಿಗೊಟ್ಟು ಕೇಳಿದ್ದಾನೆಂದು ಅವಳಿಗೆ ಗೊತ್ತಾದದ್ದು ಅವತ್ತೇ. ಯಂಕಮ್ಮನೂ ಬಂದಿದ್ದಳು. ಚೌಕಾಸಿಯೆಂದರೆ ಇಬ್ಬರ ಮಾತು. ಅರ್ಧ ದನಿ ತನ್ನದೂ ಇರಬೇಕೆಂದು ಎಲ್ಲರಿಗಿಂತ ಮುಂದೆ ಜಾಗ ಹಿಡಿದಿದ್ದಳು.

ಸಿದ್ದಲಿಂಗೇಶ ಆಮೇಲೆ ಹಚ್ಚೋಣವೆಂದ. ಮೊಬೈಲಿನಲ್ಲಿ ಚಾರ್ಜ್ ಇಲ್ಲವೆಂದ. ಚಾರ್ಜರ್ ಬಂತು. ನೆಟ್‌ವರ್ಕ್ ಇಲ್ಲವೆಂದ. ಮೂರು ಮನೆಯ ಮೊಬೈಲುಗಳು ಒಟ್ಟಿಗೆ ಮುಂದೆ ಬಂದವು. ಅವನು ಹೆಂಡತಿಯ ಮುಖ ನೋಡಿದ. ಅಷ್ಟು ಬೆಳಕನ್ನು ಅವನು ಆ ಮುಖದಲ್ಲಿ ಬಹಳ ದಿನದಿಂದ ಕಂಡಿರಲಿಲ್ಲ. ಬೇರೆ ದಾರಿಯಿರಲಿಲ್ಲ. ಹಚ್ಚಿದ.

ಚಾಪೆಯ ಮೇಲಿದ್ದವರೆಲ್ಲ ಲೋಟ ಕೆಳಗಿಟ್ಟು ಕಿವಿಯಾದರು. ಗಿಣಿಯಂಥ ಆ ದನಿ ಉಪ್ಪಿನ ಮಾತು ಮುಗಿಸಿತು. ಯಂಕಮ್ಮ ರಾಜಶ್ರೀಯ ಕಡೆ ತಿರುಗಿದಳು. ಉಳಿದವರೂ ತಿರುಗಿದರು. ರಾಜಶ್ರೀ ಸೆರಗು ಸರಿಮಾಡಿಕೊಂಡು, ನಗು ಮುಖದ ಮೇಲೆ ಹಾಗೆಯೇ ಇರುವಂತೆ ನೋಡಿಕೊಂಡು, ಗಂಡನ ಹತ್ತಿರಕ್ಕೆ ಬಾಗಿದಳು.

“ಈಕಿ ಯಾರ್ರೀ?” ಎಂದು ಮೆಲ್ಲಗೆ ಕೇಳಿದಳು.